ಸಿಗರೇಟು ಬಿಟ್ಟ ಮೇಲೆ ಮತ್ತೆ ಓಡಲು ಶುರು ಮಾಡುವುದು ಹೇಗೆ?

ನಿಮಗೆ ಮೂವತ್ತೆಂಟು ವರ್ಷ, ಸಿಗರೇಟು ಬಿಟ್ಟು ಆರು ವಾರ ಆಗಿದೆ. ಕಾಲೇಜಿನಲ್ಲಿದ್ದಾಗ 5 ಕಿಲೋಮೀಟರ್ ಓಟದಲ್ಲಿ ಹೆಸರು ಮಾಡಿದ್ದಿರಿ. ಈಗ ಕಬ್ಬನ್ ಪಾರ್ಕಿನಲ್ಲಿ ಎರಡು ನಿಮಿಷ ಓಡಿದರೆ ಏದುಸಿರು ಬರುತ್ತದೆ, ಕೆಮ್ಮು ಮೊದಲಿಗಿಂತ ಜಾಸ್ತಿ ಆಗಿದೆ, ಹಾಗಾದರೆ ಬಿಟ್ಟು ಏನು ಬಂತು ಎಂದು ಕೇಳಿದ್ದೀರಿ. ಬೆಂಗಳೂರಿನ 10ಕೆ, ಅಂದರೆ ಹತ್ತು ಕಿಲೋಮೀಟರಿನ ಓಟ, ಓಡುವ ಆಸೆಯೂ ಇದೆ ಎಂದಿದ್ದೀರಿ.

ನಾನು ಡಾಕ್ಟರ್ ಅಲ್ಲ. ಆದರೆ ನಿಮ್ಮ ದಾರಿಯಲ್ಲೇ ಬಂದವನು. ಕಾಲೇಜಿನಲ್ಲಿ ಓಡುತ್ತಿದ್ದೆ, ಕೆಲಸಕ್ಕೆ ಸೇರಿದ ಮೇಲೆ ಓಟ ನಿಂತು ಸಿಗರೇಟು ಶುರುವಾಯಿತು, ವರ್ಷಗಟ್ಟಲೆ ಸೇದಿದ ಮೇಲೆ ಬಿಟ್ಟೆ. ಈಗ ಮೈಸೂರಿನ ಕುಕ್ಕರಹಳ್ಳಿ ಕೆರೆಯ ಸುತ್ತ ಮತ್ತೆ ಓಡುತ್ತಿದ್ದೇನೆ. ಬಿಟ್ಟು ಏನು ಬಂತು ಅನ್ನುವ ಪ್ರಶ್ನೆ ಇದೆಯಲ್ಲ, ಅದು ಆರನೇ ವಾರದಲ್ಲಿ ತುಂಬಾ ಜನರ ತಲೆಗೆ ಬರುತ್ತದೆ. ಎಷ್ಟೋ ಜನ ಅದೇ ಬೇಜಾರಿಗೆ ಮತ್ತೆ ಹಚ್ಚುತ್ತಾರೆ. ಅದಕ್ಕೇ ಸ್ವಲ್ಪ ಉದ್ದವಾಗಿ ಬರೆಯುತ್ತಿದ್ದೇನೆ.

ಈ ಏದುಸಿರಿಗೆ ಪೂರ್ತಿ ಕಾರಣ ಸಿಗರೇಟಲ್ಲ. ಸಿಗರೇಟಿನ ಹೊಗೆಯಲ್ಲಿರುವ ಕಾರ್ಬನ್ ಮೊನಾಕ್ಸೈಡ್ ನಮ್ಮ ರಕ್ತದ ಹಿಮೋಗ್ಲೋಬಿನ್‌ಗೆ ಆಮ್ಲಜನಕಕ್ಕಿಂತ 200 ಪಟ್ಟಿಗೂ ಹೆಚ್ಚು ಗಟ್ಟಿಯಾಗಿ ಅಂಟಿಕೊಳ್ಳುತ್ತದೆ. ಆಮ್ಲಜನಕ ಕೂರಬೇಕಾದ ಜಾಗದಲ್ಲಿ ಅದು ಕೂರುತ್ತದೆ. ಸೇದುವವರಿಗೆ ಮೆಟ್ಟಿಲು ಹತ್ತಿದರೂ ಉಸಿರು ಸಾಲದೆ ಹೋಗಲು ಇದೂ ಒಂದು ಕಾರಣ. ಆದರೆ ಕೊನೆಯ ಸಿಗರೇಟಾದ ಒಂದೆರಡು ದಿನದಲ್ಲೇ ಅದು ರಕ್ತದಿಂದ ಹೊರಟುಹೋಗುತ್ತದೆ. ನಿಮ್ಮಲ್ಲಿ ಆ ಲಾಭ ಆರು ವಾರದ ಹಿಂದೆಯೇ ಆಗಿಹೋಗಿದೆ. ನಿಕೋಟಿನ್ ಏರಿಸಿಟ್ಟಿದ್ದ ಹೃದಯದ ಬಡಿತವೂ ಇಳಿದಿರುತ್ತದೆ.

ಹಾಗಾದರೆ ಯಾಕೆ ಏದುಸಿರು? ಹದಿನೈದು ವರ್ಷ ಓಡಿಲ್ಲ, ಅದಕ್ಕೆ. ಓಡದೆ ಇದ್ದರೆ ಹೃದಯ ಒಂದೊಂದು ಬಡಿತಕ್ಕೆ ತಳ್ಳುವ ರಕ್ತ ಕಡಿಮೆಯಾಗುತ್ತದೆ. ಕಾಲಿನ ಸ್ನಾಯುಗಳ ಒಳಗಿನ ಸಣ್ಣ ಸಣ್ಣ ರಕ್ತನಾಳಗಳು ಕಡಿಮೆಯಾಗುತ್ತವೆ. ಒಂದು ಸಿಗರೇಟೂ ಮುಟ್ಟದೆ ಹದಿನೈದು ವರ್ಷ ಕುರ್ಚಿಯಲ್ಲಿ ಕೂತವರನ್ನು ಕರೆತಂದು ನಿಮ್ಮ ಪಕ್ಕ ಓಡಿಸಿದರೆ, ಅವರೂ ಎರಡು ಮೂರು ನಿಮಿಷಕ್ಕೆ ಏದುಸಿರು ಬಿಡುತ್ತಾರೆ. ಇದು ನಿಮಗೆ ಒಳ್ಳೆಯ ಸುದ್ದಿ. ಯಾಕೆಂದರೆ ಈ ಭಾಗ ಪೂರ್ತಿ ವಾಪಸ್ ಬರುವಂಥದ್ದು, ಅದೂ ಬೇಗ.

ಇನ್ನೊಂದು ಕಾರಣ ನಿಮ್ಮ ಹಳೆಯ ವೇಗ. ಒಮ್ಮೆ ಚೆನ್ನಾಗಿ ಓಡಿದವರ ಕಾಲಿಗೆ ಆ ಹಳೆಯ ಓಟ ನೆನಪಿರುತ್ತದೆ. ಶೂ ಲೇಸು ಕಟ್ಟಿದ ಕೂಡಲೇ ಕಾಲು ಅದೇ ಲಯ ಹಿಡಿಯುತ್ತದೆ. ಹೃದಯಕ್ಕೆ ಈಗ ಆ ಲಯ ತಡೆಯುವ ಶಕ್ತಿ ಇಲ್ಲ. ಎರಡು ನಿಮಿಷಕ್ಕೆ ನಿಲ್ಲಬೇಕಾಗುತ್ತಿದೆ ಅಂದರೆ ನೀವು ಜೋರಾಗಿ ಓಡುತ್ತಿದ್ದೀರಿ ಎಂದೇ ನನ್ನ ಅಂದಾಜು.

ಕೆಮ್ಮಿನ ವಿಷಯ. ಉಸಿರಿನ ನಾಳಗಳ ಒಳಗೋಡೆಯಲ್ಲಿ ತುಂಬಾ ಸಣ್ಣ ರೋಮಗಳಿರುತ್ತವೆ. ಒಳಗೆ ಬಂದ ಧೂಳು, ಕಫ ಎಲ್ಲವನ್ನೂ ಮೇಲಕ್ಕೆ ಗುಡಿಸಿ ಕಳಿಸುವುದು ಅವುಗಳ ಕೆಲಸ. ಸೇದುವಷ್ಟು ಕಾಲ ಹೊಗೆ ಅವನ್ನು ಸುಮ್ಮನಾಗಿಸಿರುತ್ತದೆ. ಬಿಟ್ಟ ಮೇಲೆ ಅವು ಮತ್ತೆ ಕೆಲಸಕ್ಕೆ ಇಳಿಯುತ್ತವೆ, ಕಫ ಮೇಲೆ ಬರುತ್ತದೆ, ಕೆಮ್ಮು ಜಾಸ್ತಿಯಾದ ಹಾಗೆ ಅನ್ನಿಸುತ್ತದೆ. ಸಾಮಾನ್ಯವಾಗಿ ಬಿಟ್ಟ ಒಂದು ತಿಂಗಳಿಂದ ಒಂಬತ್ತು ತಿಂಗಳೊಳಗೆ ಕೆಮ್ಮೂ ಏದುಸಿರೂ ಇಳಿಯುತ್ತಾ ಬರುತ್ತವೆ. ನೀವು ಆ ಅವಧಿಯ ಶುರುವಿನಲ್ಲಿದ್ದೀರಿ. ಆದರೆ ಕಫದಲ್ಲಿ ರಕ್ತ ಕಂಡರೆ, ಕಾರಣವಿಲ್ಲದೆ ತೂಕ ಇಳಿದರೆ, ರಾತ್ರಿ ಉಬ್ಬಸ ಬಂದರೆ ಕಾಯುತ್ತಾ ಕೂರಬೇಡಿ.

ಓಟಕ್ಕಿಂತ ಮೊದಲು ಮಾಡಬೇಕಾದ ಒಂದು ಕೆಲಸ ಇದೆ. ಒಮ್ಮೆ ಡಾಕ್ಟರ್ ಹತ್ತಿರ ಹೋಗಿ ಬನ್ನಿ. ಬಿಪಿ, ಶುಗರ್, ಕೊಲೆಸ್ಟ್ರಾಲ್, ಇಸಿಜಿ. ಮನೆಯಲ್ಲಿ ಯಾರಿಗಾದರೂ ಚಿಕ್ಕ ವಯಸ್ಸಿನಲ್ಲೇ ಹಾರ್ಟ್ ಅಟ್ಯಾಕ್ ಆಗಿದ್ದರೆ ಅದನ್ನು ಬಾಯಿಬಿಟ್ಟು ಹೇಳಿ, ಟಿಎಂಟಿ (ಟ್ರೆಡ್‌ಮಿಲ್ ಮೇಲೆ ನಡೆಸಿ ಹೃದಯ ನೋಡುವ ಪರೀಕ್ಷೆ) ಬೇಕಾ ಎಂದು ಕೇಳಿ. ಸುಮ್ನೆ ಹೆದರಿಸಲು ಹೇಳುತ್ತಿಲ್ಲ. 52 ದೇಶಗಳಲ್ಲಿ ನಡೆದು 2004ರಲ್ಲಿ ಪ್ರಕಟವಾದ ಇಂಟರ್‌ಹಾರ್ಟ್ ಅಧ್ಯಯನದಲ್ಲಿ ಭಾರತ ಮತ್ತು ಅಕ್ಕಪಕ್ಕದ ದೇಶದವರಿಗೆ ಮೊದಲ ಹೃದಯಾಘಾತ ಬೇರೆಯವರಿಗಿಂತ ಹಲವು ವರ್ಷ ಮುಂಚೆಯೇ ಬರುವುದು ಕಂಡಿತ್ತು. ಸೇದಿದ ಚರಿತ್ರೆ ಇರುವ ಮೂವತ್ತೆಂಟು ವರ್ಷದವರು ಇದನ್ನು ಹಗುರವಾಗಿ ತೆಗೆದುಕೊಳ್ಳಬಾರದು. ಬಿಟ್ಟು ಸುಮಾರು ಒಂದು ವರ್ಷಕ್ಕೆ ಹೃದ್ರೋಗದ ಹೆಚ್ಚುವರಿ ಅಪಾಯ ಅರ್ಧದಷ್ಟು ಇಳಿಯುತ್ತದೆ. ಆ ಒಂದು ವರ್ಷ ಹುಷಾರಾಗಿರಬೇಕು ಅಷ್ಟೆ.

ಜೊತೆಗೆ ಸ್ಪೈರೊಮೆಟ್ರಿ ಮಾಡಿಸಿ. ಒಂದು ನಳಿಕೆಗೆ ಜೋರಾಗಿ ಊದುವ ಪರೀಕ್ಷೆ, ನೋವಿಲ್ಲ. ಮೂವತ್ತು ದಾಟಿದ ಮೇಲೆ ಎಲ್ಲರ ಶ್ವಾಸಕೋಶದ ಶಕ್ತಿಯೂ ವರ್ಷ ವರ್ಷ ಸ್ವಲ್ಪ ಕುಗ್ಗುತ್ತದೆ, ಸೇದುವವರಲ್ಲಿ ಬೇಗ ಕುಗ್ಗಬಹುದು. ಬಿಟ್ಟರೆ ಆ ಕುಗ್ಗುವ ವೇಗ ಹೆಚ್ಚುಕಡಿಮೆ ಸೇದದವರ ಮಟ್ಟಕ್ಕೆ ಬರುತ್ತದೆ. ಆಗಲೇ ಕಳೆದುಹೋದದ್ದು ಪೂರ್ತಿ ವಾಪಸ್ ಬರುವುದಿಲ್ಲ, ನಿಜ. ಆದರೆ ಶ್ವಾಸಕೋಶದಲ್ಲಿ ನಮಗೆ ದಿನನಿತ್ಯಕ್ಕೆ ಬೇಕಾದದ್ದಕ್ಕಿಂತ ಎಷ್ಟೋ ಜಾಸ್ತಿ ಶಕ್ತಿ ಇರುತ್ತದೆ. ಆದ್ದರಿಂದ ಸ್ವಲ್ಪ ಕಳೆದುಕೊಂಡವರೂ ಚೆನ್ನಾಗಿ ಓಡಬಹುದು. ಓಟ ನಿಲ್ಲಿಸಿದ ಐದು ಹತ್ತು ನಿಮಿಷಕ್ಕೆ ಎದೆ ಬಿಗಿದು ಸುಂಯ್ ಎನ್ನುವ ಸದ್ದು ಬಂದರೆ ಅದನ್ನೂ ಡಾಕ್ಟರಿಗೆ ಹೇಳಿ. ಇನ್‌ಹೇಲರ್ ಬರೆದುಕೊಟ್ಟರೆ, ಪಂಪ್ ಅಭ್ಯಾಸ ಆಗಿಬಿಡುತ್ತದೆ ಎನ್ನುವ ಊರ ಮಾತಿಗೆ ಹೆದರಿ ಬಿಡಬೇಡಿ. ಅದು ಚಟ ಹತ್ತಿಸುವ ಔಷಧಿ ಅಲ್ಲ.

ಈಗ ಓಟ. ಮೊದಲ ಎರಡು ವಾರ ಓಡಲೇಬೇಡಿ ಎಂದು ನಾನು ಹೇಳುತ್ತೇನೆ. ದಿನಾ ಅರ್ಧ ಗಂಟೆ ಬಿರುಸಾಗಿ ನಡೆಯಿರಿ. ಆಮೇಲೆ ವಾರಕ್ಕೆ ಮೂರು ದಿನ, ಮಧ್ಯೆ ಒಂದೊಂದು ದಿನ ಬಿಟ್ಟು, ನಡಿಗೆಯ ಒಳಗೆ ಓಟ ಸೇರಿಸಿ. ಐದು ನಿಮಿಷ ನಡೆದು ಮೈ ಬಿಸಿ ಮಾಡಿಕೊಳ್ಳಿ. ನಂತರ ಒಂದು ನಿಮಿಷ ಓಟ, ಒಂದೂವರೆ ನಿಮಿಷ ನಡಿಗೆ. ಹೀಗೆ ಇಪ್ಪತ್ತು ನಿಮಿಷ. ಹೊಸಬರಿಗಾಗಿ ಇರುವ ‘ಕೌಚ್ ಟು 5ಕೆ’ ಎನ್ನುವ ಒಂಬತ್ತು ವಾರದ ಕ್ರಮವೂ ಹೀಗೇ ಶುರುವಾಗುತ್ತದೆ. ನಿಮಗೆ ಒಂಬತ್ತು ವಾರ ಸಾಲದಿದ್ದರೆ ಹದಿನೈದು ತೆಗೆದುಕೊಳ್ಳಿ. ಯಾವ ವಾರ ಕಷ್ಟ ಅನ್ನಿಸುತ್ತದೋ ಆ ವಾರವನ್ನೇ ಇನ್ನೊಮ್ಮೆ ಮಾಡಿ.

ವೇಗ ಎಷ್ಟಿರಬೇಕು? ಓಡುತ್ತಾ ಪಕ್ಕದವರಿಗೆ ನಿಮ್ಮ ಮನೆಯ ದಾರಿ ಹೇಳಲು ಆಗಬೇಕು. ಬಸ್ ಸ್ಟಾಪಲ್ಲಿ ಇಳಿದು ಎಡಕ್ಕೆ ತಿರುಗಿ, ದೇವಸ್ಥಾನ ದಾಟಿದ ಮೇಲೆ ಮೂರನೇ ಕ್ರಾಸ್ ಎಂದು ಪೂರ್ತಿ ವಾಕ್ಯ ಬಾಯಲ್ಲಿ ಬರಬೇಕು. ಒಂದೊಂದು ಪದಕ್ಕೂ ಉಸಿರು ಎಳೆಯಬೇಕಾಗಿ ಬಂದರೆ ನಿಧಾನ ಮಾಡಿ. ಕಿಲೋಮೀಟರಿಗೆ ಎಂಟು, ಎಂಟೂವರೆ ನಿಮಿಷ ಬಂದರೂ ಪರವಾಗಿಲ್ಲ. ಬಿರುಸಾಗಿ ನಡೆಯುವ ಅಜ್ಜ ನಿಮ್ಮನ್ನು ದಾಟಿ ಹೋಗಬಹುದು. ಹೋಗಲಿ. ಹಳೆಯ ಓಟಗಾರರಿಗೆ ಇದು ತುಂಬಾ ಕಷ್ಟ ಎಂದು ನನಗೆ ಗೊತ್ತು. ವಾಚಿನಲ್ಲಿ ವೇಗ ತೋರಿಸುವ ಪುಟವನ್ನೇ ಕೆಲವು ತಿಂಗಳು ಮುಚ್ಚಿಟ್ಟುಬಿಡಿ, ಬರೀ ಸಮಯ ನೋಡಿ.

ನನ್ನ ಮಟ್ಟಿಗೆ ತುಂಬಾ ಮುಖ್ಯವಾದ ವಿಷಯ ಇನ್ನು ಬರುವುದು. ಮೊದಲ ವರ್ಷ ಓಡುವುದು ಸಿಗರೇಟಿನಿಂದ ದೂರ ಇರಲು. ಟೈಮಿಂಗು, ಮೆಡಲು, ದೂರ ಎಲ್ಲ ಆಮೇಲೆ. ಓಟ ಚೆನ್ನಾಗಿ ಆಗಲಿಲ್ಲ ಎಂಬ ಸಿಟ್ಟಿಗೆ ಯಾರಾದರೂ ಹಚ್ಚಿದರೆ ಓಟದಿಂದ ಲಾಭವೇ ಇಲ್ಲ. ಹತ್ತು ನಿಮಿಷ ಮಾತ್ರ ನಡೆದು ಬಂದು, ಆ ದಿನ ಸಿಗರೇಟು ಮುಟ್ಟದೆ ಮಲಗಿದರೆ ಆ ದಿನದ ಓಟ ಗೆದ್ದ ಹಾಗೆ.

ಅದಕ್ಕೆ ಓಟದ ಹೊತ್ತನ್ನು ಹೀಗೆ ಆರಿಸಿ. ನಿಮಗೆ ಯಾವ ಸಿಗರೇಟು ಅತಿ ಪ್ರಿಯವಾಗಿತ್ತು? ತುಂಬಾ ಜನರಿಗೆ ಬೆಳಗ್ಗೆ ಎದ್ದ ಕೂಡಲೇ ಕಾಫಿ ಜೊತೆಗಿನದು. ರಾತ್ರಿಯಿಡೀ ನಿಕೋಟಿನ್ ಇಲ್ಲದ ಮೈ ಅದನ್ನೇ ಕಾಯುತ್ತಾ ಇರುತ್ತದೆ. ಆ ಹೊತ್ತಿಗೇ ಓಟ ಇಡಿ. ಎದ್ದು, ಮುಖ ತೊಳೆದು, ಒಂದು ಏಲಕ್ಕಿ ಬಾಳೆಹಣ್ಣು ತಿಂದು, ಸೀದಾ ಹೊರಗೆ. ಕಾಫಿ ಆಮೇಲೆ, ಸ್ನಾನ ಆದ ಮೇಲೆ, ಬೇರೆ ಜಾಗದಲ್ಲಿ ಕೂತು ಕುಡಿಯಿರಿ. ಬಾಲ್ಕನಿಯಲ್ಲಿ ನಿಂತು ಸೇದುತ್ತಿದ್ದವರು ಅಡುಗೆಮನೆಯಲ್ಲಿ ಕುಡಿಯಿರಿ. ತಲುಬು ಅನ್ನುವುದು ಎಷ್ಟೋ ಸಲ ಜಾಗಕ್ಕೂ ಹೊತ್ತಿಗೂ ಅಂಟಿಕೊಂಡಿರುತ್ತದೆ.

ಕಾಫಿ ಎಂದಾಗ ಒಂದು ಮಾತು, ಇದು ತುಂಬಾ ಜನರಿಗೆ ಗೊತ್ತಿಲ್ಲ. ಸಿಗರೇಟಿನ ಹೊಗೆ ನಮ್ಮ ಲಿವರ್ ಕೆಫೀನನ್ನು ಬೇಗ ಕರಗಿಸುವ ಹಾಗೆ ಮಾಡಿರುತ್ತದೆ. ಬಿಟ್ಟ ಮೇಲೆ ಆ ವೇಗ ಇಳಿಯುತ್ತದೆ. ಅದೇ ಎರಡು ಲೋಟ ಫಿಲ್ಟರ್ ಕಾಫಿ ಈಗ ಮೈಯಲ್ಲಿ ಜಾಸ್ತಿ ಹೊತ್ತು ನಿಲ್ಲುತ್ತದೆ. ಎದೆ ಡವಡವ, ಕೈ ನಡುಕ, ರಾತ್ರಿ ನಿದ್ದೆ ಬಾರದಿರುವುದು ಎಲ್ಲವನ್ನೂ ನಾವು ಸಿಗರೇಟು ಬಿಟ್ಟದ್ದರ ಮೇಲೆ ಹಾಕುತ್ತೇವೆ. ಕಾಫಿಯನ್ನು ಅರ್ಧಕ್ಕೆ ಇಳಿಸಿ ನೋಡಿ. ಓಡುವಾಗಿನ ಎದೆಬಡಿತದಲ್ಲೂ ವ್ಯತ್ಯಾಸ ಕಾಣಬಹುದು.

ಎರಡನೇ ಕಷ್ಟದ ಹೊತ್ತು ಆಫೀಸಿನಲ್ಲಿ. ಊಟ ಆದ ಮೇಲೆ ಎಲ್ಲರೂ ಬೇಕರಿ ಮುಂದೆ ಟೀ ಹಿಡಿದು ನಿಲ್ಲುತ್ತಾರೆ, ನಿಮ್ಮ ಕೈ ಖಾಲಿ. ಆಗ ಹತ್ತು ನಿಮಿಷ ಬಿರುಸಾಗಿ ನಡೆಯಿರಿ. ಒಂದು ತಲುಬು ಜೋರಾಗಿ ಇರುವುದು ಕೆಲವೇ ನಿಮಿಷ, ನಡಿಗೆ ಮುಗಿಯುವ ಹೊತ್ತಿಗೆ ಅದು ಇಳಿದಿರುತ್ತದೆ. ನಡಿಗೆಯಿಂದ ತಲುಬು ಕಡಿಮೆಯಾಗುವುದು ಪರೀಕ್ಷೆ ಮಾಡಿ ನೋಡಿದ ಸಂಗತಿ, ಬರೀ ಸಮಾಧಾನದ ಮಾತಲ್ಲ. ಗೆಳೆಯರನ್ನು ಬಿಡಬೇಕಾಗಿಲ್ಲ. ಟೀ ಅವರ ಜೊತೆಗೇ ಕುಡಿಯಿರಿ, ಆದರೆ ಮೊದಲ ಕೆಲವು ತಿಂಗಳು ಟೀ ಆಫೀಸಿನ ಒಳಗೆ.

ಭಾನುವಾರದ ಗುಂಪು ಓಟದ ಬಗ್ಗೆಯೂ ಇದನ್ನೇ ಹೇಳುತ್ತೇನೆ. ಗುಂಪು ಸಿಕ್ಕರೆ ಖಂಡಿತ ಸೇರಿ. ಬೆಳಗ್ಗೆ ಆರಕ್ಕೆ ಯಾರೋ ಕಾಯುತ್ತಾರೆ ಎನ್ನುವ ಕಾರಣಕ್ಕೆ ಶನಿವಾರ ರಾತ್ರಿ ಬೇಗ ಮಲಗುತ್ತೀರಿ, ಪಾರ್ಟಿಗೆ ಹೋದರೂ ಬೇಗ ಏಳುತ್ತೀರಿ. ಕುಡಿತದ ಜೊತೆಗೇ ಸಿಗರೇಟು ವಾಪಸ್ ಬರುವುದು ಜಾಸ್ತಿ, ನಿಮಗೂ ಗೊತ್ತಿರುತ್ತದೆ ಅಲ್ವಾ. ನನ್ನನ್ನು ಉಳಿಸಿದ್ದರಲ್ಲಿ ಕೆರೆಯ ಏರಿ ಮೇಲಿನ ಆ ಗುಂಪಿಗೆ ದೊಡ್ಡ ಪಾಲಿದೆ. ನಾನು ಸೇದುತ್ತಿದ್ದೆ ಎಂದು ಅವರಿಗೆ ಗೊತ್ತು. ಒಂದು ದಿನ ಬರದಿದ್ದರೆ ಫೋನ್ ಬರುತ್ತದೆ.

ಉಸಿರು ವಾಪಸ್ ಬಂದದ್ದು ನನಗೆ ಗೊತ್ತಾಗಿದ್ದು ಓಡುವಾಗ ಅಲ್ಲ, ಚಾಮುಂಡಿ ಬೆಟ್ಟದ ಮೆಟ್ಟಿಲು ಹತ್ತುವಾಗ. ಸಾವಿರ ಮೆಟ್ಟಿಲಿನ ದಾರಿ ಅದು. ಸೇದುವ ಕಾಲದಲ್ಲಿ ಮಧ್ಯದ ನಂದಿ ತಲುಪುವುದರೊಳಗೆ ಎಷ್ಟೋ ಕಡೆ ಕೂರುತ್ತಿದ್ದೆ. ಒಂದು ಬೆಳಗ್ಗೆ ಅಣ್ಣನ ಮಗಳ ಜೊತೆ ಮಾತಾಡುತ್ತಾ ಹತ್ತುತ್ತಿದ್ದೆ. ನಂದಿ ಎದುರಿಗೆ ಬಂದಾಗಲೇ ತಿಳಿದದ್ದು, ದಾರಿಯುದ್ದಕ್ಕೂ ಮಾತು ನಿಂತಿರಲಿಲ್ಲ. ಆವತ್ತಿನ ಸಂತೋಷ ಯಾವ ಮೆಡಲಿಗೂ ಸಿಕ್ಕಿಲ್ಲ. ನಿಮಗೂ ಅದು ಹೀಗೇ, ನೀವು ನೋಡುತ್ತಿಲ್ಲದಾಗ ಬರುತ್ತದೆ. ಮೆಟ್ರೋ ಸ್ಟೇಷನ್ನಿನ ಮೆಟ್ಟಿಲಿನಲ್ಲೋ, ಮಗುವನ್ನು ಎತ್ತಿಕೊಂಡು ಮೂರನೇ ಮಹಡಿ ಹತ್ತುವಾಗಲೋ.

ಆದರೆ ಉಸಿರು ಬಂದ ಆ ಹೊತ್ತೇ ಅಪಾಯದ ಹೊತ್ತು. ಹೃದಯ, ಸ್ನಾಯು ಕೆಲವೇ ವಾರಗಳಲ್ಲಿ ಸುಧಾರಿಸುತ್ತವೆ. ಮೂಳೆ, ಹಿಮ್ಮಡಿಯ ಹಿಂದಿನ ದಪ್ಪ ನರದಂಥ ಕಟ್ಟು, ಪಾದದ ಕೆಳಗಿನ ಕಟ್ಟು ಇವು ಗಟ್ಟಿಯಾಗಲು ತಿಂಗಳುಗಳು ಬೇಕು. ಎರಡು ಮೂರು ತಿಂಗಳಾದ ಮೇಲೆ ಉಸಿರು ಸಲೀಸಾಗಿ, ಹಳೆಯ ಓಟಗಾರರು ಒಂದೇ ಸಲ ದೂರ ಹೆಚ್ಚಿಸುತ್ತಾರೆ. ಆಮೇಲೆ ಕಣಕಾಲಿನ ಮುಂದಿನ ಮೂಳೆ ನೋವು, ಬೆಳಗ್ಗೆ ಮಂಚದಿಂದ ಇಳಿದರೆ ಹಿಮ್ಮಡಿ ಊರಲಾಗದ ನೋವು. ಓಟ ನಿಲ್ಲುತ್ತದೆ. ಓಟ ನಿಂತ ಖಾಲಿ ಹೊತ್ತಿಗೆ ಏನು ಬರುತ್ತದೆ ಎಂದು ಬೇರೆ ಹೇಳಬೇಕಾಗಿಲ್ಲ. ಅದಕ್ಕೇ ನಿಮ್ಮಂಥವರಿಗೆ ಕಾಲು ಕಾಪಾಡಿಕೊಳ್ಳುವುದು ಅಂದರೆ ಸಿಗರೇಟಿನಿಂದ ಕಾಪಾಡಿಕೊಳ್ಳುವುದೇ.

ವಾರದ ಒಟ್ಟು ದೂರವನ್ನು ಸ್ವಲ್ಪ ಸ್ವಲ್ಪವೇ ಏರಿಸಿ, ಮೂರು ವಾರ ಏರಿಸಿದರೆ ನಾಲ್ಕನೇ ವಾರ ಇಳಿಸಿ. ಮೆಟ್ಟಿಲಿನ ಅಂಚಿನಲ್ಲಿ ಮುಂಗಾಲಿನ ಮೇಲೆ ನಿಂತು ಹಿಮ್ಮಡಿ ಎತ್ತಿ ಇಳಿಸುವುದನ್ನು ದಿನ ಬಿಟ್ಟು ದಿನ ಮಾಡಿ, ಮೀನಖಂಡ ಗಟ್ಟಿಯಾಗುತ್ತದೆ. ಕಾಲೇಜಿನ ಕಾಲದ ಶೂ ಎಷ್ಟೇ ಹೊಸದಾಗಿ ಕಂಡರೂ ಹಾಕಬೇಡಿ, ಅದರ ಅಡಿ ಗಟ್ಟಿಯಾಗಿರುತ್ತದೆ. ಕಬ್ಬನ್ ಪಾರ್ಕಿನ ಮಣ್ಣಿನ ದಾರಿ ನಿಮ್ಮ ಪುಣ್ಯ, ಡಾಂಬರು ಬಿಟ್ಟು ಅದರಲ್ಲೇ ಓಡಿ.

ಗಾಳಿಯನ್ನೂ ನೋಡಿಕೊಳ್ಳಿ. ಚಳಿಗಾಲದ ಬೆಳಗ್ಗೆ ಹೊಗೆ ನೆಲದ ಹತ್ತಿರವೇ ನಿಲ್ಲುತ್ತದೆ. ರಸ್ತೆ ಬದಿ ಎಲೆ, ಕಸ ಸುಡುವುದು ಎಲ್ಲ ಊರಲ್ಲೂ ಇದೆ. ಇಷ್ಟು ಕಷ್ಟಪಟ್ಟು ಒಂದು ಹೊಗೆ ಬಿಟ್ಟು ಇನ್ನೊಂದನ್ನು ಬಾಯಿತುಂಬ ಎಳೆದುಕೊಳ್ಳುವುದು ಬೇಡ. ರಿಂಗ್ ರೋಡ್ ಬದಿ ಓಡುವುದಕ್ಕಿಂತ ಪಾರ್ಕಿನಲ್ಲಿ ಸುತ್ತು ಹಾಕಿದರೂ ಸರಿ.

ತೂಕದ ಬಗ್ಗೆ ಚಿಂತೆ ಬೇಡ. ಬಿಟ್ಟ ಮೊದಲ ವರ್ಷ ಸರಾಸರಿ ನಾಲ್ಕೈದು ಕಿಲೋ ಏರುವುದು ಸಹಜ. ಓಟ ಅದನ್ನು ಸ್ವಲ್ಪ ತಡೆಯುತ್ತದೆ. ಆದರೆ ಅದೇ ಹೊತ್ತಿಗೆ ಊಟ ಬಿಟ್ಟು ಡಯಟ್ ಮಾಡಬೇಡಿ. ಹಸಿವು ತಲುಬನ್ನು ಕೆಣಕುತ್ತದೆ.

ನಿಕೋಟಿನ್ ಚೂಯಿಂಗ್ ಗಮ್ ಬಳಸುತ್ತಿದ್ದೀರಾ ಎಂದು ನೀವು ಬರೆದಿಲ್ಲ. ಬಳಸುತ್ತಿದ್ದರೆ ನಾಚಿಕೆ ಬೇಡ, ಅದು ಬಿಡಲು ನಿಜವಾಗಿಯೂ ನೆರವಾಗುತ್ತದೆ. ಓಡುವಾಗ ಮಾತ್ರ ಬಾಯಲ್ಲಿ ಇಟ್ಟುಕೊಳ್ಳಬೇಡಿ. ಕಾಫಿ ಕುಡಿದ ಕೂಡಲೇ ಅಗಿಯಬೇಡಿ, ಬಾಯಿಯ ಹುಳಿಗೆ ನಿಕೋಟಿನ್ ಸರಿಯಾಗಿ ಸೇರುವುದಿಲ್ಲ. ಕಷ್ಟದ ದಿನ ಯಾರ ಜೊತೆಯಾದರೂ ಮಾತಾಡಬೇಕು ಅನ್ನಿಸಿದರೆ ಸಿಗರೇಟು ಪ್ಯಾಕಿನ ಮೇಲೇ ಅಚ್ಚಾಗಿರುವ 1800-11-2356 ಸರ್ಕಾರದ ಉಚಿತ ಸಹಾಯವಾಣಿ. ಬೆಂಗಳೂರಿನ ನಿಮ್ಹಾನ್ಸ್‌ನಲ್ಲೂ ಅದರ ಒಂದು ಕೇಂದ್ರ ಇದೆ.

ಒಂದು ವೇಳೆ ಯಾವುದೋ ಮದುವೆಯಲ್ಲಿ ಒಂದು ಸೇದಿಬಿಟ್ಟಿರಿ ಎಂದುಕೊಳ್ಳಿ. ಮಾರನೇ ಬೆಳಗ್ಗೆ ಓಟಕ್ಕೆ ಹೋಗಿ. ಶಿಕ್ಷೆ ಎಂದು ಜಾಸ್ತಿ ಓಡಬೇಡಿ, ಎಲ್ಲ ಮುಗಿಯಿತು ಎಂದು ಮಲಗಿಯೂ ಇರಬೇಡಿ. ಆವತ್ತು ಏನಿತ್ತೋ ಅಷ್ಟೇ ಓಡಿ ಬನ್ನಿ. ಉಳಿದ ಪ್ಯಾಕು ಮನೆಯಲ್ಲಿ ಇರಬಾರದು.

10ಕೆ ವಿಷಯ. 2008ರಿಂದ ನಡೆಯುತ್ತಿರುವ ಬೆಂಗಳೂರಿನ ಆ ಓಟ ಏಪ್ರಿಲ್, ಮೇ ಹೊತ್ತಿಗೆ ಬರುತ್ತದೆ, ಆಗ ಬಿಸಿಲೂ ಜೋರು. ಇವತ್ತಿನಿಂದ ಅದಕ್ಕೆ ಏಳೆಂಟು ತಿಂಗಳಿದ್ದರೆ, ನಿಲ್ಲದೆ ಅರ್ಧ ಗಂಟೆ ಓಡುವ ಹಂತಕ್ಕೆ ಮೊದಲ ನಾಲ್ಕು ತಿಂಗಳು ಕೊಡಿ, ಆಮೇಲೆ ದೂರ ಏರಿಸಿ. ಧಾರಾಳವಾಗಿ ಆಗುತ್ತದೆ. ಮೂರು ನಾಲ್ಕು ತಿಂಗಳಷ್ಟೇ ಇದ್ದರೆ ಈ ಸಲ ಅದರಲ್ಲೇ ಇರುವ ಕಡಿಮೆ ದೂರದ ‘ಮಜ್ಜಾ ರನ್’ಗೆ ಹೆಸರು ಕೊಡಿ, 10ಕೆ ಮುಂದಿನ ವರ್ಷ. ಓಟದ ಮಧ್ಯೆ ನಡೆದರೂ ಯಾರೂ ಏನೂ ಅನ್ನುವುದಿಲ್ಲ, ಸಾವಿರಾರು ಜನ ನಡೆಯುತ್ತಾರೆ. ಎದೆ, ದವಡೆ, ಎಡಗೈಯಲ್ಲಿ ನೋವು, ತಲೆ ಸುತ್ತು ಬಂದರೆ ಮಾತ್ರ ಅಲ್ಲೇ ನಿಂತು ಸಹಾಯ ಕೇಳಿ, ಗೆರೆ ದಾಟುವ ಹಟ ಬೇಡ.

ಡಾಕ್ಟರ್ ಏನಂದರು, ಊದುವ ಪರೀಕ್ಷೆಯಲ್ಲಿ ಏನು ಬಂತು ಎಂದು ಕೆಳಗೆ ಬರೆಯಿರಿ. ಓಟ ಎಷ್ಟು, ನಡಿಗೆ ಎಷ್ಟು ಎನ್ನುವುದನ್ನು ಅದಕ್ಕೆ ತಕ್ಕ ಹಾಗೆ ಒಟ್ಟಿಗೆ ಯೋಚಿಸೋಣ.